ಮೊದಲ ಆದೇಶ ಯಾರದು? ಹೊಸ ಗಣಕಕ್ಕೆ ಕಾರ್ಯಾಚರಣ ವ್ಯವಸ್ಥೆ ಬಂದ ಬಗೆ

ಬಿಡಿಭಾಗಗಳನ್ನು ತಂದು ಮನೆಯಲ್ಲೇ ಜೋಡಿಸಿದ ಗಣಕವನ್ನು ಮೊದಲ ಬಾರಿಗೆ ಚಾಲೂ ಮಾಡಿದಾಗ ಏನಾಗುತ್ತದೆ? ಫ್ಯಾನು ತಿರುಗುತ್ತದೆ, ದೀಪ ಹೊತ್ತಿಕೊಳ್ಳುತ್ತದೆ, ಒಂದು 'ಬೀಪ್' ಸದ್ದು ಕೇಳುತ್ತದೆ. ಆಮೇಲೆ ಕಪ್ಪು ಪರದೆಯ ಮೇಲೆ ಒಂದೇ ಒಂದು ಸಾಲು ಮೂಡುತ್ತದೆ. ಸಿಸ್ಟಂ ಡಿಸ್ಕ್ ಹಾಕಿ ಕೀಲಿ ಒತ್ತಿ ಎಂಬುದು ಅದರ ಅರ್ಥ.

ಈ ಸಾಲನ್ನು ನಾನು ಮೊದಲು ಕಂಡದ್ದು 1998ರಲ್ಲಿ. ಆಗ ನಾನು ಭೌತಶಾಸ್ತ್ರದ ಸಂಶೋಧನಾ ವಿದ್ಯಾರ್ಥಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದು ಮದರ್‌ಬೋರ್ಡ್, ಪ್ರೊಸೆಸರ್, 4.3 ಗಿಗಾಬೈಟಿನ ಹಾರ್ಡ್‌ಡಿಸ್ಕ್ ಎಲ್ಲವನ್ನೂ ಕೊಂಡು ತಂದು ಬಾಡಿಗೆ ಕೋಣೆಯಲ್ಲಿ ಜೋಡಿಸಿದ್ದೆ. ಮರುವರ್ಷ ಅದೇ ಗಣಕಕ್ಕೆ ಲಿನಕ್ಸ್ ಹಾಕಲು ಹೊರಟು, ಎರಡು ವರ್ಷಗಳ ಪ್ರಯೋಗದ ಅಳತೆಗಳಿದ್ದ ವಿಭಾಗವನ್ನೇ ಅಳಿಸಿಬಿಟ್ಟೆ. ಬೇರೆ ಪ್ರತಿ ಇರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲವೆಂದು ಹೇಳಬೇಕಾಗಿಲ್ಲ. ಆ ಅಳತೆಗಳು ಹೇಗೆ ಮರಳಿ ಸಿಕ್ಕವು ಎಂಬುದನ್ನು ತಿಳಿಯಲು ಕಾರ್ಯಾಚರಣ ವ್ಯವಸ್ಥೆ, ಎಂದರೆ ಆಪರೇಟಿಂಗ್ ಸಿಸ್ಟಂ, ಗಣಕದೊಳಗೆ ಹೇಗೆ ಪ್ರವೇಶಿಸುತ್ತದೆ ಎಂಬ ಇತಿಹಾಸವನ್ನು ನಾವು ಸ್ವಲ್ಪ ತಿಳಿದುಕೊಳ್ಳಬೇಕು.

ಒಂದು ಒಗಟು

ಡಿಸ್ಕಿನಲ್ಲಿರುವ ಕ್ರಮವಿಧಿಯನ್ನು (ಪ್ರೋಗ್ರಾಂ ಎಂದು ನಾವು ಕರೆಯುವುದು ಇದನ್ನೇ) ಓದಿ ಸ್ಮೃತಿಗೆ ತರಲು ಇನ್ನೊಂದು ಕ್ರಮವಿಧಿ ಬೇಕು. ಆ ಇನ್ನೊಂದನ್ನು ಸ್ಮೃತಿಗೆ ತರುವವರು ಯಾರು? ಅದಕ್ಕೂ ಒಂದು ಕ್ರಮವಿಧಿ ಬೇಕು. ಹೀಗೆ ಹಿಂದೆ ಹಿಂದೆ ಹೋದರೆ ಕೊನೆಯೇ ಇಲ್ಲ. ವಿದ್ಯುತ್ ಹೋದೊಡನೆ ರ‍್ಯಾಮ್ ಎಂಬ ಸ್ಮೃತಿ ಬರಿದಾಗುವುದರಿಂದ ಈ ಒಗಟು ಪ್ರತಿದಿನ ಬೆಳಿಗ್ಗೆಯೂ ಹೊಸದು!

ತನ್ನ ಬೂಟಿನ ಹಿಂಬದಿಯ ಪಟ್ಟಿಯನ್ನು ತಾನೇ ಹಿಡಿದೆಳೆದು ಮೇಲೇಳುವುದಕ್ಕೆ ಇಂಗ್ಲಿಷಿನಲ್ಲಿ 'ಬೂಟ್‌ಸ್ಟ್ರಾಪ್' ಎಂಬ ಮಾತಿದೆ. ಗಣಕ 'ಬೂಟ್' ಆಗುವುದು ಎನ್ನುವಾಗ ಬಳಸುವ ಪದ ಇದರಿಂದಲೇ ಬಂದದ್ದು. ಎಷ್ಟೇ ಚತುರನಾದ ನಟನೂ ತನ್ನ ಹೆಗಲನ್ನು ತಾನೇ ಏರಲಾರ ಎಂದು ನಮ್ಮ ತಾರ್ಕಿಕರೂ ಹೇಳಿದ್ದಾರೆ. ನ್ಯೂಟನ್ನನ ಮೂರನೆಯ ನಿಯಮವನ್ನು ಬಲ್ಲ ವಿದ್ಯಾರ್ಥಿಗೂ ಇದು ಗೊತ್ತು: ಹೊರಗಿನ ಬಲವಿಲ್ಲದೆ ಮೇಲೇಳಲಾಗದು. ಹಾಗಾದರೆ ಗಣಕಕ್ಕೆ ಆ ಹೊರಗಿನ ಬಲ ಯಾವುದು? ಮನೆಯ ಗಣಕದ ಇತಿಹಾಸದಲ್ಲಿ ಈ ಪ್ರಶ್ನೆಗೆ ದೊರೆತ ಉತ್ತರಗಳನ್ನು ಒಂದೊಂದಾಗಿ ನೋಡೋಣ.

ಸ್ವಿಚ್ಚುಗಳ ಕಾಲ

ಮೊದಲ ಉತ್ತರ ಮನುಷ್ಯನ ಬೆರಳು. 1975ರ ಜನವರಿಯ 'ಪಾಪ್ಯುಲರ್ ಎಲೆಕ್ಟ್ರಾನಿಕ್ಸ್' ಪತ್ರಿಕೆಯ ಮುಖಪುಟದಲ್ಲಿ 'ಆಲ್ಟೇರ್ 8800' ಎಂಬ ಯಂತ್ರದ ಚಿತ್ರವಿತ್ತು. ಅಮೆರಿಕದ ಅಲ್ಬುಕರ್ಕಿ ನಗರದ ಎಂಐಟಿಎಸ್ ಕಂಪನಿ 400 ಡಾಲರಿಗೂ ಕಡಿಮೆ ಬೆಲೆಗೆ ಬಿಡಿಭಾಗಗಳನ್ನು ಕಳಿಸುತ್ತಿತ್ತು. ಕೊಂಡವರೇ ಬೆಸುಗೆ ಹಾಕಿ ಜೋಡಿಸಿಕೊಳ್ಳಬೇಕು. ಇಂಟೆಲ್ 8080 ಪ್ರೊಸೆಸರ್, 256 ಬೈಟ್ ಸ್ಮೃತಿ. ಕೀಲಿಮಣೆ ಇಲ್ಲ, ಪರದೆ ಇಲ್ಲ. ಮುಂಭಾಗದಲ್ಲಿ ಸಾಲು ಸ್ವಿಚ್ಚುಗಳು, ಸಾಲು ಕೆಂಪು ದೀಪಗಳು, ಅಷ್ಟೆ. ಎಂಟು ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿ ಒಂದು ಬೈಟನ್ನು ರಚಿಸಿ, ಇನ್ನೊಂದು ಸ್ವಿಚ್ಚಿನಿಂದ ಅದನ್ನು ಸ್ಮೃತಿಗೆ ತಳ್ಳಬೇಕು. ಮುಂದಿನ ಬೈಟಿಗೆ ಮತ್ತೆ ಅದೇ ಕೆಲಸ.

ಅದೇ ವರ್ಷ ಕ್ಯಾಲಿಫೋರ್ನಿಯಾದ 'ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್'ನ ಸಭೆಯಲ್ಲಿ ಸ್ಟೀವ್ ಡಾಂಪಿಯರ್ ಎಂಬಾತ ಹೀಗೆಯೇ ಒಂದು ಕ್ರಮವಿಧಿಯನ್ನು ತುಂಬಿಸುತ್ತಿದ್ದ. ಯಾರದೋ ಕಾಲು ವೈರಿಗೆ ತಾಗಿ ವಿದ್ಯುತ್ ಹೋಯಿತು. ತುಂಬಿಸಿದ್ದೆಲ್ಲ ಮಾಯ! ಆತ ಮತ್ತೆ ಮೊದಲಿನಿಂದ ಆರಂಭಿಸಿದ. ಕೊನೆಗೆ ಗಣಕದ ಪಕ್ಕದಲ್ಲಿಟ್ಟ ರೇಡಿಯೋದಿಂದ ಬೀಟಲ್ಸ್ ತಂಡದ ಹಾಡೊಂದರ ಧಾಟಿ ಹೊಮ್ಮಿತು. ಗಣಕದ ಮಂಡಲಗಳು ಹೊರಸೂಸುವ ವಿದ್ಯುತ್ಕಾಂತ ಅಲೆಗಳನ್ನು ರೇಡಿಯೋ ಹಿಡಿದಿತ್ತು. ಕ್ರಮವಿಧಿಯ ಸುತ್ತುಗಳ ಅವಧಿಯನ್ನು ಬದಲಿಸಿ ಸ್ವರಗಳನ್ನು ಪಡೆಯಲಾಗಿತ್ತು.

ದೊಡ್ಡ ತಂತ್ರಾಂಶವನ್ನು ಹೀಗೆ ಬೆರಳಿನಿಂದ ತುಂಬಿಸಲು ಸಾಧ್ಯವೇ? ಬಿಲ್ ಗೇಟ್ಸ್ ಮತ್ತು ಪಾಲ್ ಅಲೆನ್ ಆಲ್ಟೇರ್ ಯಂತ್ರಕ್ಕಾಗಿ ಬರೆದ ಬೇಸಿಕ್ ಭಾಷೆಯ ತಂತ್ರಾಂಶ ರಂಧ್ರಗಳುಳ್ಳ ಕಾಗದದ ಪಟ್ಟಿಯಲ್ಲಿತ್ತು. ಅದನ್ನು ತೋರಿಸಲು ವಿಮಾನದಲ್ಲಿ ಅಲ್ಬುಕರ್ಕಿಗೆ ಹೊರಟಿದ್ದ ಅಲೆನ್‌ಗೆ, ಪಟ್ಟಿಯನ್ನು ಓದಿಸುವ ಪುಟ್ಟ ಕ್ರಮವಿಧಿಯನ್ನೇ ಬರೆದಿಲ್ಲ ಎಂಬುದು ದಾರಿಯಲ್ಲಿ ಹೊಳೆಯಿತು. ವಿಮಾನ ಇಳಿಯುವುದರೊಳಗೆ ಅದನ್ನು ಹಾಳೆಯ ಮೇಲೆ ಬರೆದು ಮುಗಿಸಿದ. ಆಲ್ಟೇರ್ ಯಂತ್ರವನ್ನು ಆತ ಅದುವರೆಗೆ ಮುಟ್ಟಿರಲೇ ಇಲ್ಲ. ಆದರೂ ಸ್ವಿಚ್ಚುಗಳಿಂದ ಆ ಆದೇಶಗಳನ್ನು ತುಂಬಿಸಿದಾಗ ಯಂತ್ರ ಕಾಗದದ ಪಟ್ಟಿಯನ್ನು ಓದಿಕೊಂಡಿತು. ಎರಡಕ್ಕೆ ಎರಡು ಕೂಡಿಸಿ ನಾಲ್ಕು ಎಂದಿತು.

ಒಗಟಿನ ಕೀಲಿಕೈ ಇಲ್ಲೇ ಇದೆ. ಇಡೀ ತಂತ್ರಾಂಶವನ್ನು ಮನುಷ್ಯ ತುಂಬಿಸಬೇಕಾಗಿಲ್ಲ. ಇನ್ನೊಂದನ್ನು ಕರೆತರುವಷ್ಟು ಮಾತ್ರ ಬುದ್ಧಿಯುಳ್ಳ ಪುಟ್ಟ ಕ್ರಮವಿಧಿ ಒಳಗಿದ್ದರೆ ಸಾಕು. ಚಿಕ್ಕದು ದೊಡ್ಡದನ್ನು ಕರೆಯುತ್ತದೆ, ದೊಡ್ಡದು ಇನ್ನೂ ದೊಡ್ಡದನ್ನು.

ಬಯೋಸ್‌ನ ಹುಟ್ಟು

ಮುಂದಿನ ತೊಡಕು ಬೇರೆ ಬಗೆಯದು. ಮನೆಗಳಲ್ಲಿ ಜೋಡಿಸಿದ ಯಂತ್ರಗಳು ಒಂದರಂತೆ ಒಂದು ಇರಲಿಲ್ಲ. ಒಬ್ಬನ ಫ್ಲಾಪಿ ಸಾಧನ ಒಂದು ಬಗೆ, ಇನ್ನೊಬ್ಬನದು ಇನ್ನೊಂದು ಬಗೆ. ಪ್ರತಿಯೊಂದಕ್ಕೂ ಬೇರೆ ಕಾರ್ಯಾಚರಣ ವ್ಯವಸ್ಥೆ ಬರೆಯುವುದು ಹೇಗೆ?

ಕ್ಯಾಲಿಫೋರ್ನಿಯಾದ ಗ್ಯಾರಿ ಕಿಲ್ಡಾಲ್ 1974ರಲ್ಲಿ 'ಸಿಪಿ/ಎಂ' ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ರೂಪಿಸಿದ್ದ. ಕೆಲಕಾಲದಲ್ಲೇ ಆತ ಅದನ್ನು ಎರಡು ತುಂಡು ಮಾಡಿದ. ಯಂತ್ರದಿಂದ ಯಂತ್ರಕ್ಕೆ ಬದಲಾಗುವ ಸಣ್ಣ ಭಾಗವನ್ನು ಪ್ರತ್ಯೇಕಿಸಿ ಅದಕ್ಕೆ 'ಬಯೋಸ್' ಎಂದು ಹೆಸರಿಟ್ಟ. ಕೀಲಿ ಓದು, ಅಕ್ಷರ ತೋರಿಸು, ಡಿಸ್ಕಿನ ಇಂಥ ಭಾಗವನ್ನು ತಾ ಎಂಬಂತಹ ಮೂಲಭೂತ ಕೆಲಸಗಳಷ್ಟೇ ಅದರ ಪಾಲಿಗೆ. ಉಳಿದ ಭಾಗ ಎಲ್ಲ ಯಂತ್ರಗಳಿಗೂ ಒಂದೇ. ಆಗ ಹೊಸ ಗಣಕಕ್ಕೆ ಸಿಪಿ/ಎಂ ಸ್ಥಾಪಿಸುವುದೆಂದರೆ, ತನ್ನ ಯಂತ್ರಕ್ಕೆ ತಕ್ಕ ಬಯೋಸ್ ಅನ್ನು ಯಂತ್ರದ ಒಡೆಯ ತಾನೇ ಬರೆದು ಸೇರಿಸುವುದು ಎಂದೂ ಅರ್ಥವಿತ್ತು! ಇಂದು ಗುಂಡಿ ಒತ್ತಿ ಕಾಫಿ ಕುಡಿಯಲು ಹೋಗುವ ನಮಗೆ ಇದನ್ನು ಊಹಿಸುವುದೂ ಕಷ್ಟ.

512 ಬೈಟುಗಳ ಬಾಗಿಲು

1981ರ ಆಗಸ್ಟ್ 12ರಂದು ಬಂದ ಐಬಿಎಂ ಪಿಸಿ, ಬಯೋಸ್ ಅನ್ನು ರಾಮ್ ಚಿಪ್ಪಿನಲ್ಲಿ, ಎಂದರೆ ಅಳಿಸಿಹೋಗದ ಸ್ಮೃತಿಯಲ್ಲಿ, ಇಟ್ಟಿತು. ಇದರ ಇಂಟೆಲ್ 8088 ಪ್ರೊಸೆಸರ್ 10,48,576 ಬೈಟುಗಳನ್ನು ಗುರುತಿಸಬಲ್ಲದು. ವಿದ್ಯುತ್ ಬಂದೊಡನೆ ಅದು ಕೊನೆಗಿಂತ 16 ಬೈಟ್ ಹಿಂದಿನ ವಿಳಾಸಕ್ಕೆ ಹೋಗಿ ಅಲ್ಲಿರುವ ಆದೇಶವನ್ನು ಪಾಲಿಸುತ್ತದೆ. ಇದು ಪ್ರೊಸೆಸರಿನ ರಚನೆಯಲ್ಲೇ ಅಡಗಿರುವ ಗುಣ, ಯಾರೂ ಹೇಳಿಕೊಡಬೇಕಾಗಿಲ್ಲ. ಆ ವಿಳಾಸದಲ್ಲಿ ಬಯೋಸ್‌ಗೆ ದಾರಿ ತೋರುವ ಆದೇಶವಿರುತ್ತದೆ. ನಾವು ಹುಡುಕುತ್ತಿದ್ದ 'ಹೊರಗಿನ ಬಲ' ಇದೇ: ಕಾರ್ಖಾನೆಯಲ್ಲಿ ಚಿಪ್ಪಿಗೆ ಬರೆದಿಟ್ಟ ಮೊದಲ ಆದೇಶ.

ಬಯೋಸ್ ಮೊದಲು ಯಂತ್ರಾಂಶವನ್ನು ಪರೀಕ್ಷಿಸುತ್ತದೆ. ಸರಿಯಿದ್ದರೆ ಒಂದು ಬೀಪ್. ನಂತರ ಡಿಸ್ಕಿನ ಮೊಟ್ಟಮೊದಲ ಸೆಕ್ಟರನ್ನು, ಎಂದರೆ 512 ಬೈಟುಗಳನ್ನು, ಸ್ಮೃತಿಗೆ ತಂದು ಅಧಿಕಾರವನ್ನು ಅದಕ್ಕೆ ಒಪ್ಪಿಸುತ್ತದೆ. ಒಳಗೆ ಡಾಸ್ ಇದೆಯೋ ಬೇರೊಂದಿದೆಯೋ ಬಯೋಸ್‌ಗೆ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಈ ಅಲಿಪ್ತತೆಯಿಂದಲೇ ಅದೇ ಪಿಸಿಯಲ್ಲಿ ಮುಂದೆ ಹತ್ತಾರು ಕಾರ್ಯಾಚರಣ ವ್ಯವಸ್ಥೆಗಳು ನೆಲೆಸಲು ಸಾಧ್ಯವಾಯಿತು.

ಐಬಿಎಂ ತನ್ನ ಬಯೋಸ್‌ನ ಪೂರ್ಣ ಪಠ್ಯವನ್ನು ಕೈಪಿಡಿಯಲ್ಲಿ ಅಚ್ಚುಹಾಕಿತ್ತು. ಆದರೆ ಹಕ್ಕುಸ್ವಾಮ್ಯದಿಂದಾಗಿ ಅದನ್ನು ನಕಲು ಮಾಡುವಂತಿರಲಿಲ್ಲ. ಕಾಂಪ್ಯಾಕ್ ಕಂಪನಿ, ಆಮೇಲೆ 1984ರಲ್ಲಿ ಫೀನಿಕ್ಸ್ ಕಂಪನಿ, ಮೂಲಪಠ್ಯವನ್ನು ನೋಡದವರಿಂದಲೇ ಅದೇ ಕೆಲಸ ಮಾಡುವ ಬಯೋಸ್ ಬರೆಸಿದವು. ಫೀನಿಕ್ಸ್ ಅದನ್ನು ಯಾರಿಗೆ ಬೇಕಾದರೂ ಮಾರತೊಡಗಿತು. ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು 'ಅಸೆಂಬಲ್ಡ್' ಗಣಕ ಕಟ್ಟುವ ಅವಕಾಶ ನಮಗೆ ಒದಗಿದ್ದರ ಹಿಂದೆ ಈ ಬೆಳವಣಿಗೆಯಿದೆ.

64 ಬೈಟುಗಳ ಪರಿವಿಡಿ

1983ರ ಮಾರ್ಚಿನಲ್ಲಿ 10 ಮೆಗಾಬೈಟ್ ಹಾರ್ಡ್‌ಡಿಸ್ಕಿನ ಪಿಸಿ ಎಕ್ಸ್‌ಟಿ ಮತ್ತು ಡಾಸ್ 2.0 ಬಂದವು. ಡಿಸ್ಕನ್ನು ಹಲವು ವಿಭಾಗಗಳಾಗಿ ಹಂಚುವ ಏರ್ಪಾಡು ಆಗ ಸೇರಿತು. ಮೊದಲ ಸೆಕ್ಟರಿನ 512 ಬೈಟುಗಳಲ್ಲಿ 446 ಕ್ರಮವಿಧಿಗೆ, ಕೊನೆಯ 2 ಗುರುತಿಗೆ, ನಡುವಿನ 64 ವಿಭಾಗಗಳ ಕೋಷ್ಟಕಕ್ಕೆ. ಒಂದು ನಮೂದಿಗೆ 16 ಬೈಟಿನಂತೆ ನಾಲ್ಕು ನಮೂದುಗಳು. ವಿಭಾಗ ಎಲ್ಲಿ ಆರಂಭ, ಎಷ್ಟು ಉದ್ದ, ಯಾವ ಬಗೆ ಎಂಬುದಷ್ಟೇ ಅದರಲ್ಲಿ ಇರುತ್ತದೆ.

ಈಗ 1999ರ ನನ್ನ ಅವಾಂತರಕ್ಕೆ ಬರೋಣ. ನನ್ನ ಡಿಸ್ಕಿನಲ್ಲಿ ಎರಡು ವಿಭಾಗಗಳಿದ್ದವು. ಖಾಲಿಯಿದ್ದ ಎರಡನೆಯದನ್ನು ತೆಗೆದು ಲಿನಕ್ಸ್‌ಗೆ ಜಾಗ ಮಾಡಬೇಕಿತ್ತು. ಸಂಖ್ಯೆ ಕೇಳಿದಾಗ 2ರ ಬದಲು 1 ಒತ್ತಿ, ಕೋಷ್ಟಕವನ್ನು ಬರೆಯಲು ಆದೇಶವನ್ನೂ ಕೊಟ್ಟುಬಿಟ್ಟೆ. ಮುಂದಿನ ಪರದೆ ಕಂಡಾಗ ತಪ್ಪು ಅರಿವಾಗಿ ಯಂತ್ರವನ್ನು ನಿಲ್ಲಿಸಿದೆ. ಮರುದಿನ ಗಣಕ ವಿಭಾಗದ ಹಿರಿಯ ಅಧ್ಯಾಪಕರ ಬಳಿ ಓಡಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಫಾರ್ಮ್ಯಾಟ್ ಮಾಡಿಬಿಟ್ರಾ?"

"ಇಲ್ಲ ಸಾರ್."

"ಹಾಗಾದ್ರೆ ಏನೂ ಹೋಗಿಲ್ಲ ಕಣ್ರಿ. ಪುಸ್ತಕದ ಪರಿವಿಡಿ ಹರಿದಿದೆ, ಪುಟಗಳು ಹಾಗೇ ಇವೆ."

ಆ ಕಾಲದ ಡಿಸ್ಕುಗಳಲ್ಲಿ ಮೊದಲ ವಿಭಾಗ ಆರಂಭವಾಗುತ್ತಿದ್ದುದು ಸಾಮಾನ್ಯವಾಗಿ 63ನೇ ಸೆಕ್ಟರಿನಿಂದ. ಅದು ಮುಗಿಯುವುದು ಎರಡನೆಯದು ಶುರುವಾಗುವುದಕ್ಕೆ ಸ್ವಲ್ಪ ಮುಂಚೆ. ಎರಡನೆಯದರ ನಮೂದು ಕೋಷ್ಟಕದಲ್ಲಿ ಇನ್ನೂ ಇತ್ತು. ಒಂದು ಕಳೆಯುವ ಲೆಕ್ಕ ಮಾಡಿ ಅವರು ಎರಡು ಸಂಖ್ಯೆಗಳನ್ನು ಕೋಷ್ಟಕಕ್ಕೆ ಮತ್ತೆ ತುಂಬಿದರು. ಗಣಕವನ್ನು ಮರುಚಾಲನೆ ಮಾಡಿದಾಗ ನನ್ನ ಅಳತೆಗಳೆಲ್ಲ ಇದ್ದಲ್ಲೇ ಇದ್ದವು. ನನ್ನ ಪ್ರಬಂಧ ಉಳಿದದ್ದು ಯಾವ ಪವಾಡದಿಂದಲೂ ಅಲ್ಲ. 1983ರಲ್ಲಿ ನಿರ್ಧಾರವಾದ ಆ 64 ಬೈಟುಗಳ ವಿನ್ಯಾಸ ಒಬ್ಬರಿಗೆ ಗೊತ್ತಿತ್ತು, ಅದರಿಂದ.

ಹೆಲ್ಸಿಂಕಿಯ ವಿದ್ಯಾರ್ಥಿ

ಇಂಥ ತಪ್ಪು ಮಾಡಿದವನು ನಾನೊಬ್ಬನೇ ಅಲ್ಲ ಎಂಬ ಸಮಾಧಾನ ಆಮೇಲೆ ದೊರೆಯಿತು. ಫಿನ್‌ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ 1991ರ ಜನವರಿಯಲ್ಲಿ 386 ಪ್ರೊಸೆಸರಿನ ಪಿಸಿ ಕೊಂಡು, ಬೋಧನೆಗೆಂದು ರಚಿತವಾದ 'ಮಿನಿಕ್ಸ್' ವ್ಯವಸ್ಥೆಯನ್ನು ಅದರಲ್ಲಿ ಸ್ಥಾಪಿಸಿದ. ಅದರ ಮೇಲೆ ಕುಳಿತೇ ತನ್ನ ಲಿನಕ್ಸ್ ಬರೆಯತೊಡಗಿದ. ಅದೇ ಸೆಪ್ಟೆಂಬರಿನಲ್ಲಿ ಹೊರಬಂದ ಮೊದಲ ಆವೃತ್ತಿಗೆ ಸ್ವಂತ ಕಾಲಿರಲಿಲ್ಲ. ಅದನ್ನು ಸಿದ್ಧಗೊಳಿಸಲು ಮಿನಿಕ್ಸ್ ಬೇಕೇ ಬೇಕಾಗಿತ್ತು. ಆ ವರ್ಷದ ಕೊನೆಯಲ್ಲಿ ಆತ ಮೋಡೆಮ್‌ಗೆ ಕಳಿಸಬೇಕಾದ ದೂರವಾಣಿ ಆದೇಶವನ್ನು ತಪ್ಪಿ ಹಾರ್ಡ್‌ಡಿಸ್ಕಿಗೆ ಕಳಿಸಿ ಮಿನಿಕ್ಸ್ ವಿಭಾಗವನ್ನು ಕೆಡಿಸಿಕೊಂಡ. ಮತ್ತೆ ಮಿನಿಕ್ಸ್ ಹಾಕುವ ಬದಲು ಪೂರ್ತಿಯಾಗಿ ಲಿನಕ್ಸ್‌ನಲ್ಲೇ ಕೆಲಸ ಮಾಡಲು ನಿರ್ಧರಿಸಿದ. ಮರುವರ್ಷ 'ಬೂಟ್' ಮತ್ತು 'ರೂಟ್' ಎಂಬ ಎರಡು ಫ್ಲಾಪಿಗಳ ಜೋಡಿ ಬಂದಾಗ ಇತರರೂ ಮಿನಿಕ್ಸ್ ಇಲ್ಲದೆಯೇ ಲಿನಕ್ಸ್ ಆರಂಭಿಸಬಹುದಾಯಿತು.

ಫ್ಲಾಪಿಯಿಂದ ಸಹಿಯವರೆಗೆ

1993ರ ಸ್ಲ್ಯಾಕ್‌ವೇರ್ ಲಿನಕ್ಸ್ 24 ಫ್ಲಾಪಿಗಳಲ್ಲಿ ಬಂತು. ಸಿಡಿ ಬಂದರೂ ಅದರಿಂದ ಬೂಟ್ ಮಾಡುವುದು ಬಯೋಸ್‌ಗೆ ತಿಳಿಯದು. 1995ರಲ್ಲಿ ಫೀನಿಕ್ಸ್ ಮತ್ತು ಐಬಿಎಂ ಎಂಜಿನಿಯರುಗಳು ಇದಕ್ಕೊಂದು ಉಪಾಯ ಕಂಡುಹಿಡಿದರು. ಸಿಡಿಯ ಒಂದು ಭಾಗ ತಾನು ಫ್ಲಾಪಿಯೆಂದೇ ಬಯೋಸ್ ಮುಂದೆ ನಟಿಸಬಲ್ಲದು! ಈ ಮಾನಕಕ್ಕೆ 'ಎಲ್ ಟೊರಿಟೊ' ಎಂದು ಒಂದು ಹೋಟೆಲಿನ ಹೆಸರು ಬಂದಿದೆ.

ಹಳೆಯ ಕೋಷ್ಟಕಕ್ಕೂ ಒಂದು ಮಿತಿ ಇತ್ತು. ಸೆಕ್ಟರಿನ ಸಂಖ್ಯೆಗೆ ಅದರಲ್ಲಿ 32 ಬಿಟ್ ಮಾತ್ರ. 2ರ 32ನೇ ಘಾತವನ್ನು 512ರಿಂದ ಗುಣಿಸಿ ನೋಡಿ, ಸುಮಾರು 2.2 ಲಕ್ಷ ಕೋಟಿ ಬೈಟ್ ಬರುತ್ತದೆ. ಅದಕ್ಕಿಂತ ದೊಡ್ಡ ಡಿಸ್ಕುಗಳಿಗೆ 64 ಬಿಟ್‌ನ ಹೊಸ ಕೋಷ್ಟಕ ಬೇಕಾಯಿತು. ಬಯೋಸ್‌ನ ಜಾಗಕ್ಕೆ 'ಯುಇಎಫ್‌ಐ' ಬಂತು. ಅದರ ಮಾನಕಗಳನ್ನು 2005ರಲ್ಲಿ ರಚನೆಯಾದ ವೇದಿಕೆಯೊಂದು ನೋಡಿಕೊಳ್ಳುತ್ತಿದೆ. ಅದು ಮೊದಲ ಸೆಕ್ಟರಿಗೆ ಕುರುಡಾಗಿ ಅಧಿಕಾರ ಒಪ್ಪಿಸುವುದಿಲ್ಲ. ಡಿಸ್ಕಿನ ಕಡತಗಳನ್ನೇ ಓದಬಲ್ಲದು.

ಕುರುಡು ನಂಬಿಕೆಯ ಅಪಾಯ 1986ರಲ್ಲೇ ಕಂಡಿತ್ತು. ಲಾಹೋರಿನಲ್ಲಿ ಹುಟ್ಟಿದ 'ಬ್ರೈನ್' ಎಂಬ ವೈರಸ್ ಫ್ಲಾಪಿಯ ಮೊದಲ ಸೆಕ್ಟರಿನಲ್ಲೇ ಮನೆಮಾಡಿಕೊಂಡಿತ್ತು. ಮೊದಲ ಆದೇಶ ಯಾರ ಕೈಯಲ್ಲೋ ಇಡೀ ಯಂತ್ರ ಅವರ ಕೈಯಲ್ಲಿ! 2012ರಲ್ಲಿ ವಿಂಡೋಸ್ 8ರ ಜತೆ ಬಳಕೆಗೆ ಬಂದ 'ಸೆಕ್ಯೂರ್ ಬೂಟ್' ಇದಕ್ಕೆ ಮದ್ದು. ಬೂಟ್ ಕ್ರಮವಿಧಿಗೆ ಗುರುತಿರುವ ಡಿಜಿಟಲ್ ಸಹಿ ಇದ್ದರೆ ಮಾತ್ರ ಪ್ರವೇಶ. ಆದರೆ ಸಹಿ ಹಾಕುವ ಅಧಿಕಾರ ಯಾರಿಗೆ ಎಂಬ ಹೊಸ ಪ್ರಶ್ನೆ ಎದ್ದಿತು. ಹಲವು ಲಿನಕ್ಸ್ ವ್ಯವಸ್ಥೆಗಳು ಮೈಕ್ರೋಸಾಫ್ಟ್‌ನ ಸಹಿ ಪಡೆದ ಪುಟ್ಟ ಕ್ರಮವಿಧಿಯೊಂದರ ಮೂಲಕ ಒಳಗೆ ಬರುತ್ತವೆ. ಸ್ವಿಚ್ಚುಗಳ ಕಾಲದಲ್ಲಿ ಕೇಳುತ್ತಿದ್ದುದು 'ಯಂತ್ರ ಹೇಗೆ ಆರಂಭವಾಗಬೇಕು?' ಎಂದು. ಈಗ ಕೇಳಬೇಕಾದದ್ದು 'ಆರಂಭವಾಗಲು ಅನುಮತಿ ಕೊಡುವವರು ಯಾರು?' ಎಂದು.

ತರಗತಿಯಲ್ಲಿ ಒಂದು ಪ್ರಯೋಗ

2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11 ಕೇಳುವ ಯಂತ್ರಾಂಶವಿಲ್ಲದ ಗಣಕಗಳು ಶಾಲೆ ಕಾಲೇಜುಗಳ ಮೂಲೆ ಸೇರುತ್ತಿವೆ. ಅವುಗಳಲ್ಲಿ ಒಂದನ್ನು ಅಧ್ಯಾಪಕರು ತರಗತಿಗೆ ತರಲಿ. ಕಡತಗಳ ಪ್ರತಿ ತೆಗೆದಿಟ್ಟು, ಪೆನ್ ಡ್ರೈವಿನಿಂದ ಲಿನಕ್ಸ್ ಅನ್ನು ವಿದ್ಯಾರ್ಥಿಗಳ ಕೈಯಿಂದಲೇ ಸ್ಥಾಪಿಸಲಿ. ಪ್ರತಿ ಹಂತದಲ್ಲೂ 'ಈಗ ಯಂತ್ರ ಯಾರ ಆದೇಶ ಪಾಲಿಸುತ್ತಿದೆ?' ಎಂದು ಕೇಳಲಿ. ಚಿಪ್ಪಿನ ಕ್ರಮವಿಧಿಯೇ, ಪೆನ್ ಡ್ರೈವಿನದೇ, ಹೊಸದಾಗಿ ಬರೆದ ಡಿಸ್ಕಿನದೇ?

ಒಂದು ಎಚ್ಚರಿಕೆ ಮಾತ್ರ ಮರೆಯಬಾರದು. ವಿಭಾಗಗಳನ್ನು ಬದಲಿಸುವ ಮೊದಲು ಕೋಷ್ಟಕದ ಆರಂಭ ಮತ್ತು ಉದ್ದದ ಸಂಖ್ಯೆಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಆ ಹಿರಿಯ ಅಧ್ಯಾಪಕರು ಅಂದು ಲೆಕ್ಕ ಮಾಡಿದ ಚೀಟಿ ನನ್ನ ಪ್ರಬಂಧದ ಪ್ರತಿಯೊಳಗೆ ಇಂದಿಗೂ ಇದೆ. ನನ್ನ ವಿದ್ಯಾರ್ಥಿಗಳಿಗೆ ಪ್ರತಿವರ್ಷ ಅದನ್ನು ತೋರಿಸುತ್ತೇನೆ.