ಹಬ್ಬಕ್ಕೆ ಉಡುವ ಗೋಡೆಗಳು

ದಕ್ಷಿಣ ಸ್ವೀಡನ್ನಿನ ಸ್ಕೋನೆ ಪ್ರಾಂತ್ಯದ ರೈತಮನೆಗಳಲ್ಲಿ, ವರ್ಷದ ಬಹುಪಾಲು ಬರಿದಾಗಿರುತ್ತಿದ್ದ ಗೋಡೆಗಳಿಗೆ ಕ್ರಿಸ್‌ಮಸ್, ಮದುವೆಗಳಂಥ ಸಂದರ್ಭಗಳಲ್ಲಿ ನೇಯ್ದ ತೂಗುಬಟ್ಟೆಗಳನ್ನು ಹೊದಿಸಿ, ಸಂಭ್ರಮ ಮುಗಿದ ಬಳಿಕ ಮಡಚಿ ಪೆಟ್ಟಿಗೆಗೆ ಸೇರಿಸುವ ರೂಢಿ 18 ಮತ್ತು 19ನೆಯ ಶತಮಾನಗಳಲ್ಲಿ ಬೇರೂರಿತ್ತು. ಅವುಗಳ ಬಣ್ಣ ಇಂದಿಗೂ ಉಳಿದಿರುವುದಕ್ಕೆ, ನೇಕಾರ್ತಿಯರ ಕೌಶಲದಷ್ಟೇ ಆ ಪೆಟ್ಟಿಗೆಗಳ ಕತ್ತಲೆಯೂ ಕಾರಣವಿರಬೇಕು. ಇವುಗಳಲ್ಲಿ ಹೆಸರಾದ ದೂಕಗೋಂಗ್ ಎಂಬ ನೇಯ್ಗೆಯಲ್ಲಿ, ನಾರುಬಟ್ಟೆಯ ಬಿಳಿಯ ನೆಲದ ಮೇಲೆ ನೀಲಿ ಅಥವಾ ಕೆಂಪು ಬಣ್ಣದ ಹೆಚ್ಚುವರಿ ಹೊಕ್ಕುನೂಲು, ಸಾಮಾನ್ಯವಾಗಿ ಮೂರು ಹಾಸುನೂಲುಗಳ ಮೇಲೆ ಹಾದು ಒಂದರ ಕೆಳಗೆ ನುಸುಳುತ್ತದೆ. ಈ ಕಟ್ಟು ಪ್ರತಿ ಸಾಲಿನಲ್ಲೂ ಅದೇ ಎಳೆಯ ಮೇಲೆ ಬೀಳುವುದರಿಂದ, ಚಿತ್ರದುದ್ದಕ್ಕೂ ಸಣ್ಣ ಲಂಬಗೆರೆಗಳು ಮೂಡುತ್ತವೆ. ಕೈಮಗ್ಗದ ಈ ಪರಂಪರೆ ಕೈಗಾರಿಕೀಕರಣದಿಂದ ಸೊರಗುತ್ತಿದ್ದಾಗ, ಲಿಲ್ಲಿ ಜಿಕ್ಕರ್‌ಮನ್ 1899ರಲ್ಲಿ ಸ್ವೀಡಿಷ್ ಗೃಹಕರಕುಶಲ ಸಂಘವನ್ನು ಸ್ಥಾಪಿಸಿ, ಮುಂದೆ ಊರೂರಿನ ಹಳೆಯ ನೇಯ್ಗೆಗಳನ್ನು ದಾಖಲಿಸಿದರು.