ಘಾಟಿ ಏರುವಾಗ ಕುದಿದ ನೀರು

1888ರ ಆಗಸ್ಟ್ ತಿಂಗಳಲ್ಲಿ ಬರ್ತಾ ಬೆಂಜ್ ತನ್ನ ಇಬ್ಬರು ಗಂಡುಮಕ್ಕಳ ಜೊತೆ ಜರ್ಮನಿಯ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಮೋಟಾರು ಗಾಡಿಯಲ್ಲಿ ಹೊರಟಳು. ನೂರು ಕಿಲೋಮೀಟರಿಗೆ ತುಸು ಹೆಚ್ಚಿನ ಆ ದಾರಿಯಲ್ಲಿ ಅವಳನ್ನು ಮತ್ತೆ ಮತ್ತೆ ನಿಲ್ಲಿಸಿದ್ದು ನೀರು. ಗಂಡ ಕಾರ್ಲ್ ಬೆಂಜ್ ಕಟ್ಟಿದ್ದ ಮೂರು ಗಾಲಿಯ ಗಾಡಿಗೆ ರೇಡಿಯೇಟರ್ ಇರಲಿಲ್ಲ. ಸಿಲಿಂಡರಿನ ಸುತ್ತ ತುಂಬಿದ ನೀರು ಕುದಿದು ಆವಿಯಾಗುತ್ತಿತ್ತು, ಆವಿಯಾದಷ್ಟನ್ನೂ ದಾರಿಯಲ್ಲಿ ಸಿಕ್ಕ ಕಡೆ ತುಂಬಿಸಿಕೊಳ್ಳಬೇಕಿತ್ತು.

ಮುಂದಿನ ಐವತ್ತು ವರ್ಷಗಳಲ್ಲಿ ಕಾರಿನ ತಂಪಿನ ವ್ಯವಸ್ಥೆಗೆ ಸೇರಿದ ಒಂದೊಂದು ಭಾಗವೂ ಇಂಥ ಒಂದು ತೊಂದರೆಗೆ ಸಿಕ್ಕ ಉತ್ತರ. ಹಳೆಯ ಡೀಸೆಲ್ ಕಾರು ಬಿಸಿಯಾಗಿ ನಿಂತಾಗ ಅನುಭವಿ ಮೆಕ್ಯಾನಿಕ್ ಒಂದಾದ ಮೇಲೊಂದು ಭಾಗವನ್ನು ಮುಟ್ಟಿ ನೋಡುವುದೆಂದರೆ ಈ ಇತಿಹಾಸವನ್ನೇ ಬೆರಳಲ್ಲಿ ಓದಿದ ಹಾಗೆ. ಯಾವುದೋ ಭಾಗ ಬೇಡವೆಂದು ಕಿತ್ತೆಸೆದ ಕಡೆಯೆಲ್ಲ ಅದು ಹುಟ್ಟಲು ಕಾರಣವಾದ ತೊಂದರೆ ತಿರುಗಿ ಬಂದಿದೆ.

ಮೊದಲ ದೊಡ್ಡ ಉತ್ತರ ಕೊಟ್ಟವನು ವಿಲ್ಹೆಲ್ಮ್ ಮೇಬಾಕ್. ಡೈಮ್ಲರ್ ಕಂಪನಿಯ 35 ಅಶ್ವಶಕ್ತಿಯ ಮರ್ಸಿಡಿಸ್ ಕಾರಿಗಾಗಿ 1900ರಲ್ಲಿ ಅವನು ಜೇನುಗೂಡು ರೇಡಿಯೇಟರ್ ರೂಪಿಸಿದ. ಆರು ಮಿಲಿಮೀಟರ್ ಚೌಕದ 8,070 ಪುಟ್ಟ ಕೊಳವೆಗಳನ್ನು ಒತ್ತಾಗಿ ಬೆಸೆದು, ಅವುಗಳ ಒಳಗೆ ಗಾಳಿ, ನಡುವಿನ ಸಂದಿಯಲ್ಲಿ ನೀರು ಹರಿಯುವಂತೆ ಮಾಡಿದ. ಅದರ ಹಿಂಬದಿಗೆ ಫ್ಯಾನ್ ಇಟ್ಟಿದ್ದರಿಂದ ಗಾಡಿ ನಿಧಾನವಾದಾಗಲೂ ಗಾಳಿ ನಿಲ್ಲಲಿಲ್ಲ. ಕಡಿಮೆ ನೀರಿನಲ್ಲೇ ದೊಡ್ಡ ಇಂಜಿನ್ ತಂಪಾಗತೊಡಗಿತು.

ರುಡಾಲ್ಫ್ ಡೀಸೆಲ್‌ನ ಇಂಜಿನ್ 1897ರಲ್ಲಿ ಆಗ್ಸ್‌ಬರ್ಗ್‌ನ ಪರೀಕ್ಷೆಯಲ್ಲಿ ಇಂಧನದ ಶಕ್ತಿಯಲ್ಲಿ ಶೇ. 26.2 ಭಾಗವನ್ನು ಕೆಲಸಕ್ಕೆ ತಿರುಗಿಸಿತು. ಉಗಿಯಂತ್ರಗಳ ಕಾಲಕ್ಕೆ ಅದು ಬೆರಗಿನ ಸಾಧನೆ. ಉಳಿದ ಮುಕ್ಕಾಲು ಪಾಲು ಶಾಖವಾಗಿ ಹೊಗೆಯ ಜೊತೆ, ನೀರಿನ ಜೊತೆ ಹೊರಬಿತ್ತು. ಅಂಥ ಇಂಜಿನ್ ಕಾರಿನೊಳಗೆ ಕೂರಲು ನಾಲ್ಕು ದಶಕ ಬೇಕಾಯಿತು. 1936ರಲ್ಲಿ ಬಂದ ಮರ್ಸಿಡಿಸ್ 260 ಡಿ ಮುಖ್ಯವಾಗಿ ಟ್ಯಾಕ್ಸಿಯಾಗಿ ಓಡಿತು. ಅದರಲ್ಲಿಯೂ ಮುಂದಿನ ಹಲವು ದಶಕಗಳ ಡೀಸೆಲ್ ಕಾರುಗಳಲ್ಲಿಯೂ ಇಂಧನ ಮೊದಲು ಸಿಲಿಂಡರ್ ಹೆಡ್ಡಿನೊಳಗಿನ ಪುಟ್ಟ ಕೋಣೆಯೊಂದರಲ್ಲಿ ಹೊತ್ತಿಕೊಳ್ಳುತ್ತಿತ್ತು. ಇದರಿಂದ ಸದ್ದು ತಗ್ಗಿತು, ಆದರೆ ಆ ಕೋಣೆಯ ಗೋಡೆಗಳು ಹೀರಿದ ಶಾಖವನ್ನೆಲ್ಲ ನೀರೇ ಹೊರಬೇಕಾಯಿತು.

ಭಾರತದಲ್ಲಿ ಡೀಸೆಲ್ ಕಾರು ಮನೆಮಾತಾದದ್ದು 1980ರ ದಶಕದಲ್ಲಿ, ಅಂಬಾಸಡರ್ ಮೂಲಕ. ಬ್ರಿಟನ್ನಿನ ಬಿಎಂಸಿ ಕಂಪನಿ 1960ರ ದಶಕದ ಆರಂಭದಲ್ಲಿ ತನ್ನ ಕಾರುಗಳಿಗೆ ಹಾಕಿದ್ದ 1,489 ಸಿಸಿ ಇಂಜಿನ್ನನ್ನೇ ಉತ್ತರಪಾರಾದ ಹಿಂದೂಸ್ತಾನ್ ಮೋಟಾರ್ಸ್ ಇಲ್ಲಿ ತಂದಿತು. ಅದರ ಬಲ ನಲವತ್ತು ಅಶ್ವಶಕ್ತಿಗೂ ಕಡಿಮೆ. ಅಷ್ಟರಲ್ಲೇ ಕುಟುಂಬದ ಜೊತೆಗೆ ಹಾಸಿಗೆ, ಟ್ರಂಕು, ಅಕ್ಕಿ ಮೂಟೆಗಳನ್ನೂ ಎಳೆಯಬೇಕಿತ್ತು. ಡೀಸೆಲ್ ಅಗ್ಗವಾಗಿತ್ತು, ಗಾಡಿ ಗಟ್ಟಿಯಾಗಿತ್ತು, ಟ್ಯಾಕ್ಸಿಯವರು ಒಪ್ಪಿಕೊಂಡರು.

ಅದರ ನಿಜವಾದ ಪರೀಕ್ಷೆ ನಡೆದದ್ದು ಶಿರಾಡಿ, ಚಾರ್ಮಾಡಿ, ಆಗುಂಬೆಯಂಥ ಘಾಟಿಗಳಲ್ಲಿ. ಸೋಮೇಶ್ವರದಿಂದ ಆಗುಂಬೆಗೆ ಹದಿನಾಲ್ಕು ಹಿಮ್ಮುರಿ ತಿರುವು. ತುಂಬಿದ ಕಾರು ಎರಡನೇ ಗೇರಿನಲ್ಲಿ ಏದುಸಿರು ಬಿಡುತ್ತಾ ಹತ್ತುವಾಗ ಇಂಜಿನ್ ತನ್ನ ಪೂರ್ತಿ ಬಲ ಹಾಕುತ್ತದೆ. ಎದುರಿನಿಂದ ನುಗ್ಗಬೇಕಾದ ಗಾಳಿ ಮಾತ್ರ ಇಲ್ಲ, ಎಲ್ಲ ಭಾರವೂ ಬೆಲ್ಟಿನಿಂದ ತಿರುಗುವ ಫ್ಯಾನಿನ ಮೇಲೆ. ಮಾರ್ಚ್, ಏಪ್ರಿಲ್ ಬಿಸಿಲಿನಲ್ಲಿ ಅರ್ಧ ಘಾಟಿಗೇ ಇಂಜಿನ್ನಿನ ಶಾಖ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟುತ್ತಿತ್ತು. ಡಿಕ್ಕಿಯಲ್ಲಿ ನೀರಿನ ಕ್ಯಾನು, ಒಂದು ಗೋಣಿತಟ್ಟು ಇಲ್ಲದೆ ಡ್ರೈವರ್ ಹೊರಡುತ್ತಿರಲಿಲ್ಲ.

ಆ ಡ್ರೈವರುಗಳಿಗೆ ಡೀಸೆಲ್ ಇಂಜಿನ್ನಿನ ಒಂದು ಗುಣ ಚೆನ್ನಾಗಿ ಗೊತ್ತಿತ್ತು. ನಿಂತಲ್ಲೇ ಓಡುವಾಗ ಅದು ಕುಡಿಯುವ ಇಂಧನ ಬಲು ಕಡಿಮೆ, ಹುಟ್ಟುವ ಶಾಖವೂ ಕಡಿಮೆ. ಆದ್ದರಿಂದ ಗಾಡಿ ಬದಿಗೆ ಹಾಕಿದ ಕೂಡಲೇ ಇಂಜಿನ್ ಬಂದ್ ಮಾಡದೆ, ನೀರು ಉಳಿದಿದ್ದರೆ ಕೆಲವು ನಿಮಿಷ ಹಾಗೇ ಓಡಲು ಬಿಡುತ್ತಿದ್ದರು. ಪಂಪು, ಫ್ಯಾನು ತಿರುಗುತ್ತಾ ಶಾಖ ಇಳಿಯುತ್ತಿತ್ತು. ಕಾದ ಇಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡುತ್ತದೆಂಬುದೂ ಅವರಿಗೆ ಗೊತ್ತಿತ್ತು.

ಇದೇ ಗುಣದಿಂದ ದೋಷ ಹುಡುಕುವ ಮೊದಲ ಸೂತ್ರವೂ ಹುಟ್ಟಿತು. ನಿಂತಲ್ಲೇ ಬಿಸಿಯಾದರೆ ಫ್ಯಾನು, ಬೆಲ್ಟು, ವಾಟರ್ ಪಂಪ್ ನೋಡು. ಏರಿನಲ್ಲಿ ಮಾತ್ರ ಬಿಸಿಯಾದರೆ ರೇಡಿಯೇಟರ್ ಕಟ್ಟಿಕೊಂಡಿದೆಯೇ, ಬ್ಲಾಕಿಗೂ ಹೆಡ್ಡಿಗೂ ನಡುವಿನ ಹೆಡ್ ಗ್ಯಾಸ್ಕೆಟ್ ಸೋರುತ್ತಿದೆಯೇ ನೋಡು. ಬೆಲ್ಟನ್ನು ಹೆಬ್ಬೆರಳಲ್ಲಿ ಒತ್ತಿದಾಗ ಅರ್ಧ ಇಂಚಿಗಿಂತ ಹೆಚ್ಚು ಬಾಗಿದರೆ ಅದು ಜಾರುತ್ತಿದೆ. ಪಂಪಿನ ಕೆಳಗಿನ ಸಣ್ಣ ತೂತಿನಿಂದ ನೀರು ಒಸರಿದರೆ ಒಳಗಿನ ಸೀಲ್ ಹೋಗಿದೆ. ಇಂಜಿನ್ ಕಾದ ಮೇಲೆ ರೇಡಿಯೇಟರಿನ ಮೇಲಿನ ಹೋಸ್ ಸುಡುತ್ತಾ ಕೆಳಗಿನದು ತಣ್ಣಗೇ ಇದ್ದರೆ ನೀರು ಹರಿಯುತ್ತಿಲ್ಲ. ತಣ್ಣಗಿರುವಾಗಲೇ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದಾಗ ನೀರಿನಲ್ಲಿ ಗುಳ್ಳೆಗಳು ಒಂದೇ ಸಮನೆ ಏಳುತ್ತಿದ್ದರೆ ಗ್ಯಾಸ್ಕೆಟ್ ದಾಟಿ ಗಾಳಿ ಬರುತ್ತಿದೆ. ಇಂಥ ಹಳೆಯ ಡೀಸೆಲ್ ಇಂಜಿನ್ ಗಾಳಿಯನ್ನು ಇಪ್ಪತ್ತು ಪಟ್ಟಿಗೂ ಹೆಚ್ಚು ಹಿಂಡುವುದರಿಂದ ಕೂದಲೆಳೆಯ ಸೋರಿಕೆಯೂ ಹೋಸ್‌ಗಳನ್ನು ಕಲ್ಲಿನಂತೆ ಬಿಗಿಯಾಗಿಸುತ್ತದೆ. ಆಯಿಲ್ ಕಡ್ಡಿಯಲ್ಲಿ ಹಾಲು ಹೆಚ್ಚಾದ ಚಹಾದ ಬಣ್ಣ ಕಂಡರೆ ಆಯಿಲ್‌ಗೆ ನೀರು ಸೇರಿದೆ, ಹೆಡ್ ಇಳಿಸಿ ಲೇತಿಗೆ ಒಯ್ದು ಫೇಸಿಂಗ್ ಮಾಡಿಸದೆ ದಾರಿಯಿಲ್ಲ.

ಈ ಜಾಣ್ಮೆಯ ಜೊತೆಗೇ ಒಂದು ತಪ್ಪು ರೂಢಿಯೂ ಬೆಳೆಯಿತು. ಬಿಸಿಯಾಗುವ ಗಾಡಿಯಿಂದ ಥರ್ಮೋಸ್ಟಾಟ್ ಕಿತ್ತುಹಾಕುವುದೇ ಆ ರೂಢಿ. ಮೇಣದ ಗುಳಿಗೆ ಕರಗಿ ಹಿಗ್ಗುವ ಬಲದಿಂದ ರೇಡಿಯೇಟರಿಗೆ ನೀರು ಬಿಡುವ ಬಾಗಿಲು ತೆರೆಯುವ ಥರ್ಮೋಸ್ಟಾಟನ್ನು 1930ರ ದಶಕದಲ್ಲಿ ಸರ್ಜಿಯಸ್ ವರ್ನೆ ಅಮೆರಿಕದಲ್ಲಿ ರೂಪಿಸಿದ. ಸುಮಾರು 82 ಡಿಗ್ರಿ ಸೆಲ್ಸಿಯಸ್‌ಗೆ ಅದು ತೆರೆಯಲು ತೊಡಗುತ್ತದೆ. ಬಿಸಿಲಿನ ನಾಡಿಗೆ ಅದು ಬೇಡವೆಂಬ ನಂಬಿಕೆ ಗ್ಯಾರೇಜಿನಿಂದ ಗ್ಯಾರೇಜಿಗೆ ಹಬ್ಬಿತು. ಕಿತ್ತ ಮೇಲೆ ಇಂಜಿನ್ ಬೇಗ ಹದಕ್ಕೆ ಬರುವುದಿಲ್ಲ, ಬಿಳಿ ಹೊಗೆ ಉಗುಳುತ್ತದೆ, ಡೀಸೆಲ್ ಹೆಚ್ಚು ಕುಡಿಯುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಹಲವು ಇಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಬೈಪಾಸ್ ದಾರಿಯನ್ನು ಅದೇ ಮುಚ್ಚುತ್ತದೆ. ಅದಿಲ್ಲದಿದ್ದರೆ ಬಿಸಿನೀರಿನ ಒಂದು ಪಾಲು ರೇಡಿಯೇಟರ್ ಮುಟ್ಟದೆ ಇಂಜಿನ್ನಿಗೇ ತಿರುಗಿಹೋಗಿ ಏರಿನಲ್ಲಿ ಗಾಡಿ ಇನ್ನಷ್ಟು ಕಾಯುತ್ತದೆ. ಅದು ಕೆಟ್ಟಿದೆಯೇ ಎಂದು ತಿಳಿಯಲು ಪಾತ್ರೆಯಲ್ಲಿ ನೀರು ಕಾಯಿಸಿ, ಥರ್ಮಾಮೀಟರ್ ಇಟ್ಟು, ಅದು ತೆರೆಯುವುದನ್ನು ಕಣ್ಣಾರೆ ನೋಡಿದರೆ ಸಾಕು.

ರೇಡಿಯೇಟರ್ ಮುಚ್ಚಳವನ್ನು ಕಡೆಗಣಿಸಿದರೂ ಇದೇ ಗತಿ. ಸುಮಾರು ಅರ್ಧ ಬಾರ್ ಒತ್ತಡ ಹಿಡಿದಿಟ್ಟರೆ ಸಮುದ್ರಮಟ್ಟದಲ್ಲಿ ನೀರು ಕುದಿಯಲು 111 ಡಿಗ್ರಿಯಾದರೂ ಬೇಕು, ಒಂದು ಬಾರ್ ಹಿಡಿದರೆ 120. ಮಡಿಕೇರಿಯ ಎತ್ತರದಲ್ಲಿ ತೆರೆದ ನೀರು 96 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಮುಚ್ಚಳದ ಸ್ಪ್ರಿಂಗ್ ಸೋತ ಕಾರು ಘಾಟಿಯ ತುದಿಯಲ್ಲಿ ಆವಿ ಉಗುಳಲು ಬೇರೆ ಕಾರಣ ಬೇಡ. ಕಾದ ಮುಚ್ಚಳವನ್ನು ಅವಸರದಲ್ಲಿ ತಿರುಗಿಸಿ ಮುಖ, ಕೈ ಸುಟ್ಟುಕೊಂಡವರೂ ಉಂಟು. ಒತ್ತಡ ಇಳಿದ ಕ್ಷಣವೇ ನೀರೆಲ್ಲ ಒಮ್ಮೆಗೇ ಕುದಿದು ಚಿಮ್ಮುತ್ತದೆ.

ನೀರಿನದೇ ಇನ್ನೊಂದು ಅಧ್ಯಾಯ. ಫ್ರೆಂಚ್ ರಸಾಯನಶಾಸ್ತ್ರಜ್ಞ ಷಾರ್ಲ್ ಅಡಾಲ್ಫ್ ವುರ್ಟ್ಸ್ 1850ರ ದಶಕದಲ್ಲಿ ತಯಾರಿಸಿದ ಎಥಿಲೀನ್ ಗ್ಲೈಕಾಲ್, 1920ರ ದಶಕದಲ್ಲಿ, ನೀರು ಹೆಪ್ಪುಗಟ್ಟದಂತೆ, ಹಿಮದ ನಾಡುಗಳ ಕಾರುಗಳಿಗೆ ಬಂತು. ಹಿಮ ಬೀಳದ ನಮ್ಮಲ್ಲಿ ಅದನ್ನು ಬೆರೆಸಿದ ಕೂಲೆಂಟ್ ಯಾಕೆಂದು ಬಹಳ ಜನ ಬೋರ್‌ವೆಲ್ ನೀರನ್ನೇ ತುಂಬಿಸಿದರು. ಬಯಲುಸೀಮೆಯ ಗಡಸು ನೀರಿನ ಸುಣ್ಣ ಕೊಳವೆಗಳ ಒಳಗೆ ಪದರಗಟ್ಟಿತು, ಎರಕದ ಕಬ್ಬಿಣದ ಬ್ಲಾಕು ತುಕ್ಕು ಹಿಡಿಯಿತು. ಸಿಲಿಂಡರಿನ ಒಳಗೋಡೆಯಾದ ಲೈನರ್ ನೇರವಾಗಿ ನೀರಿಗೆ ತಾಗುವ ಡೀಸೆಲ್‌ಗಳಿಗೆ ಇನ್ನೊಂದು ಅಪಾಯವಿದೆ. ಪ್ರತಿ ಸ್ಫೋಟಕ್ಕೂ ಲೈನರ್ ನಡುಗಿ ಅದರ ಹೊರಮೈಯಲ್ಲಿ ಸೂಕ್ಷ್ಮ ಗುಳ್ಳೆಗಳು ಹುಟ್ಟಿ ಒಡೆಯುತ್ತವೆ, ವರ್ಷಗಟ್ಟಲೆ ಹೀಗೆ ನಡೆದರೆ ಲೋಹದಲ್ಲಿ ಸೂಜಿಮೊನೆಯ ರಂಧ್ರ ಬೀಳುತ್ತದೆ. ಕೂಲೆಂಟಿನಲ್ಲಿರುವ ರಕ್ಷಕ ರಾಸಾಯನಿಕಗಳು ಇದನ್ನು ತಡೆಯುತ್ತವೆ. ಬರಿಯ ನೀರಿಗೆ ಆ ಶಕ್ತಿಯಿಲ್ಲ.

ಸುಣ್ಣ ಕಟ್ಟಿದ ರೇಡಿಯೇಟರುಗಳೇ ಒಂದು ಕಸುಬನ್ನು ಸಾಕಿದವು. ತಾಮ್ರ, ಹಿತ್ತಾಳೆಯ ರೇಡಿಯೇಟರಿನ ತೊಟ್ಟಿಯನ್ನು ಬೆಂಕಿಯಲ್ಲಿ ಬಿಚ್ಚಿ, ಕೊಳವೆ ಕೊಳವೆಗೂ ಚಪ್ಪಟೆ ಸರಳು ತೂರಿಸಿ ಕೆರೆದು, ಮತ್ತೆ ಬೆಸುಗೆ ಹಾಕಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ಊದಿ ಸೋರಿಕೆ ಹುಡುಕುವ ಅಂಗಡಿಗಳು ಊರೂರಿನಲ್ಲಿದ್ದವು. ಅಲ್ಯೂಮಿನಿಯಂ ಕೋರಿಗೆ ಪ್ಲಾಸ್ಟಿಕ್ ತೊಟ್ಟಿ ಕಚ್ಚಿಸಿದ ರೇಡಿಯೇಟರ್ ಯುರೋಪಿನಲ್ಲಿ 1970ರ ದಶಕದಲ್ಲಿ ಬಂದು, ನಂತರ ಇಲ್ಲಿಯೂ ಹರಡಿದ ಮೇಲೆ ಬೆಸುಗೆಯ ಕೆಲಸ ಕುಗ್ಗಿತು. ಒಡೆದದ್ದನ್ನು ಬದಲಿಸುವುದು ರೂಢಿಯಾಯಿತು.

ಅಂಬಾಸಡರ್ ತಯಾರಿಕೆ 2014ರಲ್ಲಿ ನಿಂತಿತು. 1998ರ ಕೊನೆಯಲ್ಲಿ ಬಂದ ಟಾಟಾ ಇಂಡಿಕಾದ 1,405 ಸಿಸಿ ಡೀಸೆಲ್ ಕಾರುಗಳೂ ಈಗ ಹಳೆಯವು. ಹದಿನೈದು ವರ್ಷ ದಾಟಿದ ಕಾರನ್ನು ಕರ್ನಾಟಕದಲ್ಲಿ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ಮರುನೋಂದಣಿ ಮಾಡಿಸಬಹುದು, ಹಾಗೆ ಉಳಿಸಿಕೊಂಡವರು ಇದ್ದಾರೆ. ಐಟಿಐಗಳ ಮೆಕ್ಯಾನಿಕ್ ಡೀಸೆಲ್ ತರಬೇತಿಯಲ್ಲಿ ರೇಡಿಯೇಟರ್, ಪಂಪು, ಥರ್ಮೋಸ್ಟಾಟ್ ಪಾಠ ಇಂದಿಗೂ ಇದೆ. ಗ್ಯಾಸ್ಕೆಟ್ ಸೋರಿಕೆ ಕಂಡುಹಿಡಿಯಲು ಈಗ ಬಣ್ಣ ಬದಲಿಸಿ ತೋರಿಸುವ ದ್ರಾವಣ ಸಿಗುತ್ತದೆ. ಆದರೂ ಹೋಸ್ ಮುಟ್ಟಿ ನೋಡುವ, ಬೆಲ್ಟು ಒತ್ತಿ ನೋಡುವ ಹಳೆಯ ಕ್ರಮಕ್ಕೆ ಈ ಕಾರುಗಳಲ್ಲಿ ಬದಲಿ ಇಲ್ಲ. ಅವುಗಳಲ್ಲಿ ಹೆಚ್ಚಿನವಕ್ಕೆ ದೋಷವನ್ನು ಪರದೆಯ ಮೇಲೆ ತೋರಿಸುವ ಕಂಪ್ಯೂಟರ್ ಇಲ್ಲ. ಆ ಹಳೆಯ ಕ್ರಮವನ್ನು ಬಲ್ಲ ಹಿರಿಯ ಮೆಕ್ಯಾನಿಕ್‌ಗಳು ಇನ್ನೂ ಕೆಲಸದಲ್ಲಿರುವಾಗಲೇ ಅವರ ಪರೀಕ್ಷಾಕ್ರಮವನ್ನು ಹೆಜ್ಜೆಹೆಜ್ಜೆಯಾಗಿ ಕನ್ನಡದಲ್ಲಿ ಬರೆದಿಡುವ ಕೆಲಸ ಆಗಬೇಕಿದೆ.