ಮಾರಿನಿಂದ ಮಾರ್ದನಿಗೆ

ಕಣ್ಣಿಗೆ ಕಾಣದ ಆಳವನ್ನು ಅಳೆಯಬೇಕಾಗಿ ಬಂದಾಗ ಕಡಲಿನ ಜನ ನೆಚ್ಚಿದ್ದು ತಮ್ಮ ತೋಳುಗಳನ್ನೇ. ಎರಡು ಕೈಗಳನ್ನೂ ನೀಳವಾಗಿ ಚಾಚಿದಾಗ ಬೆರಳ ತುದಿಯಿಂದ ಬೆರಳ ತುದಿಗೆ ಆಗುವ ಉದ್ದವನ್ನು ನಮ್ಮವರು ಮಾರು ಎಂದರು. ಪ್ರಾಚೀನ ಗ್ರೀಕರ ಓರ್ಗ್ವಿಯಾ ಎಂಬ ಅಳತೆಯೂ ಅದೇ. ಆಂಗ್ಲ ನಾವಿಕರ ಫ್ಯಾದಮ್ ಎಂಬ ಶಬ್ದಕ್ಕೂ ಮೂಲದಲ್ಲಿ ಚಾಚಿದ ತೋಳುಗಳೆಂಬುದೇ ಅರ್ಥ. ದೂರದೂರದ ಜನಾಂಗಗಳು ಹೀಗೆ ಒಂದೇ ಅಳತೆಗೆ ಬಂದುದರಲ್ಲಿ ಆಶ್ಚರ್ಯವಿಲ್ಲ. ನೀರಿನಿಂದ ಹಗ್ಗವನ್ನು ಸೇದಿಕೊಳ್ಳುವವನ ಕೈಗಳು ತಾವಾಗಿಯೇ ಅಗಲಕ್ಕೆ ಚಾಚಿಕೊಳ್ಳುತ್ತವೆ, ಪ್ರತಿಯೊಂದು ಚಾಚಿಗೂ ಒಂದು ಮಾರು ಎಣಿಕೆಗೆ ಸೇರುತ್ತದೆ. ಇಂದು ಸಣ್ಣ ದೋಣಿಯ ತಳದಲ್ಲಿ ಕುಳಿತು ಕ್ಷಣಕ್ಷಣಕ್ಕೂ ಆಳವನ್ನು ತಿಳಿಸುವ ಟ್ರಾನ್ಸ್‌ಡ್ಯೂಸರ್ ಎಂಬ ಪುಟ್ಟ ಉಪಕರಣವೂ ಈ ತೋಳಿನ ವಂಶಕ್ಕೇ ಸೇರಿದ್ದು. ಆ ವಂಶಾವಳಿಯನ್ನು ಅರಿತವನು ಅದನ್ನು ಹೆಚ್ಚು ವಿವೇಕದಿಂದ ಆರಿಸಿಯಾನು, ಹೆಚ್ಚು ಶ್ರದ್ಧೆಯಿಂದ ಕೂರಿಸಿಯಾನು ಎಂಬುದು ನನ್ನ ನಂಬಿಕೆ.

ಈಜಿಪ್ಟಿನ ತೀರವು ಇನ್ನೂ ಒಂದು ದಿನದ ಪಯಣದಷ್ಟು ದೂರವಿರುವಾಗಲೇ ಹಗ್ಗಕ್ಕೆ ಕಟ್ಟಿದ ಗುಂಡನ್ನು ಇಳಿಬಿಟ್ಟರೆ 11 ಮಾರು ಆಳದಿಂದ ಕೆಸರು ಮೇಲೆ ಬರುವುದೆಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸನು ಬರೆದಿದ್ದಾನೆ. ಆ ಗುಂಡಿನ ಉಪಾಯವು ಎರಡು ಸಾವಿರ ವರ್ಷಗಳಿಗೂ ಮೀರಿ ನಾವಿಕರ ಕೈಯಲ್ಲಿ ಬಾಳಿತು. ಸೀಸದ ಗುಂಡಿನ ಬುಡದಲ್ಲಿ ಒಂದು ಸಣ್ಣ ಕುಳಿ. ಆ ಕುಳಿಯೊಳಗೆ ಒತ್ತಿ ತುಂಬಿದ ಪ್ರಾಣಿಗಳ ಕೊಬ್ಬು. ಗುಂಡು ತಳವನ್ನು ಮುಟ್ಟಿ ಮರಳಿದಾಗ ಆ ಕೊಬ್ಬಿಗೆ ಮರಳೋ ಕೆಸರೋ ಚಿಪ್ಪಿನ ಚೂರೋ ಅಂಟಿರುತ್ತಿತ್ತು. ಏನೂ ಅಂಟದಿದ್ದರೆ ತಳದಲ್ಲಿ ಬಂಡೆಯಿದೆಯೆಂದು ಊಹಿಸುತ್ತಿದ್ದರು. ಆಂಗ್ಲ ಹಡಗುಗಳಲ್ಲಿ ಹಗ್ಗಕ್ಕೆ 2 ಮತ್ತು 3 ಮಾರುಗಳ ಗುರುತಾಗಿ ತೊಗಲಿನ ಪಟ್ಟಿಗಳನ್ನೂ, 5, 7, 13ಕ್ಕೆ ಬಗೆಬಗೆಯ ಬಟ್ಟೆಯ ತುಂಡುಗಳನ್ನೂ, 10ಕ್ಕೆ ತೂತುಳ್ಳ ತೊಗಲನ್ನೂ ಕಟ್ಟುತ್ತಿದ್ದರು. ಕಗ್ಗತ್ತಲೆಯಲ್ಲಿಯೂ ಬೆರಳ ಸ್ಪರ್ಶಮಾತ್ರದಿಂದಲೇ ಆಳವು ತಿಳಿಯಲೆಂಬುದು ಇದರ ಉದ್ದೇಶ. ಮಿಸಿಸಿಪಿ ನದಿಯ ಹಬೆದೋಣಿಗಳಲ್ಲಿ ಎರಡು ಮಾರು ನೀರಿದೆಯೆಂದು ಸಾರುವ ಕೂಗೇ ಮಾರ್ಕ್ ಟ್ವೇನ್. ಒಂದು ಕಾಲಕ್ಕೆ ಅಲ್ಲಿ ದೋಣಿ ನಡೆಸುತ್ತಿದ್ದ ಸ್ಯಾಮ್ಯುಅಲ್ ಕ್ಲೆಮೆನ್ಸನು ಅದನ್ನೇ ತನ್ನ ಕಾವ್ಯನಾಮವನ್ನಾಗಿ ಮಾಡಿಕೊಂಡನು.

ಆದರೆ ಮಹಾಸಾಗರದ ಆಳಕ್ಕೆ ತೋಳೂ ಸಾಲದು, ಹಗ್ಗವೂ ಸಾಲದು. 1872ರಿಂದ 1876ರವರೆಗೆ ಭೂಮಂಡಲವನ್ನು ಸುತ್ತಿದ ಚಾಲೆಂಜರ್ ಎಂಬ ಬ್ರಿಟಿಷ್ ನೌಕೆಯು ಪಶ್ಚಿಮ ಪೆಸಿಫಿಕ್ ಸಾಗರದಲ್ಲಿ 4,475 ಮಾರು ಆಳವನ್ನು ಕಂಡಿತಾದರೂ, ಅಂಥ ಒಂದೊಂದು ಅಳತೆಗೂ ಗಂಟೆಗಟ್ಟಲೆ ಹಡಗನ್ನು ನಿಲ್ಲಿಸಬೇಕಾಗುತ್ತಿತ್ತು.

ಈ ತೊಡಕಿಗೆ ಪರಿಹಾರದ ಬೀಜವು ಅದಕ್ಕೂ ಅರ್ಧ ಶತಮಾನ ಮೊದಲೇ, ಕಡಲಿನಿಂದ ಬಹುದೂರದಲ್ಲಿರುವ ಜಿನೀವಾ ಸರೋವರದಲ್ಲಿ ಬಿದ್ದಿತ್ತು. 1826ರಲ್ಲಿ ಕೊಲಾಡಾನ್ ಎಂಬ ತರುಣ ವಿಜ್ಞಾನಿಯು ಒಂದು ದೋಣಿಯಿಂದ ನೀರೊಳಗೆ ಗಂಟೆಯನ್ನು ತೂಗುಬಿಡಿಸಿ, ಅದನ್ನು ಬಡಿಯುವ ಕ್ಷಣದಲ್ಲಿಯೇ ಮೇಲೆ ಮದ್ದು ಉರಿಯುವಂತೆ ಏರ್ಪಡಿಸಿದನು. ತಾನು ಸುಮಾರು 13 ಕಿಲೋಮೀಟರು ಆಚೆಯ ಇನ್ನೊಂದು ದೋಣಿಯಲ್ಲಿ, ನೀರಿಗಿಳಿಸಿದ ಕೊಳವೆಗೆ ಕಿವಿಯೊಡ್ಡಿ, ರಾತ್ರಿಯ ಕತ್ತಲೆಯಲ್ಲಿ ಆ ಬೆಳಕನ್ನು ಕಂಡ ಕ್ಷಣದಿಂದ ನಾದವು ಕೇಳುವ ಕ್ಷಣದವರೆಗಿನ ಕಾಲವನ್ನು ಎಣಿಸಿದನು. ಆ ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ 1,435 ಮೀಟರೆಂದು ಹೀಗೆ ಸಿದ್ಧಪಟ್ಟಿತು. ವೇಗವು ತಿಳಿದ ಮೇಲೆ ಕಾಲವೇ ಅಳತೆಗೋಲಾಗಬಲ್ಲದು: ಸಮುದ್ರದಲ್ಲಿ ಈ ವೇಗ ಸುಮಾರು 1,500 ಮೀಟರಾದುದರಿಂದ, ತಳಕ್ಕೆ ಹೋದ ದನಿ ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಮರಳಿ ಬಂದರೆ ಆಳವು 75 ಮೀಟರು.

1912ರಲ್ಲಿ ಟೈಟಾನಿಕ್ ಹಡಗು ಹಿಮಗಡ್ಡೆಗೆ ಬಡಿದು ಮುಳುಗಿದ ದುರಂತವು ಈ ವಿಚಾರಕ್ಕೆ ತ್ವರೆಯನ್ನು ತಂದಿತು. ಮಾರನೆಯ ವರ್ಷವೇ ಜರ್ಮನಿಯ ಬೆಹ್ಮ್ ಮಾರ್ದನಿಯಿಂದ ಆಳವನ್ನಳೆಯುವ ಉಪಾಯಕ್ಕೆ ಪೇಟೆಂಟ್ ಪಡೆದನು. 1914ರಲ್ಲಿ ಫೆಸೆಂಡೆನ್ ಎಂಬವನು ಅಟ್ಲಾಂಟಿಕ್ಕಿನಲ್ಲಿ ಹಿಮಗಡ್ಡೆಯ ಮಾರ್ದನಿಯನ್ನೂ ಕಡಲತಳದ ಮಾರ್ದನಿಯನ್ನೂ ಕೇಳಿದನು. ಹರಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುವುದೆಂದು 1880ರಲ್ಲಿ ಕ್ಯೂರಿ ಸೋದರರು ತೋರಿಸಿಕೊಟ್ಟಿದ್ದರಷ್ಟೆ. ಪಿಯರ್ ಕ್ಯೂರಿಯ ಶಿಷ್ಯನಾದ ಲಾಂಜ್‌ವ್ಯಾನನು ಮೊದಲ ಮಹಾಯುದ್ಧದ ಕಾಲದಲ್ಲಿ, ಸ್ಫಟಿಕದ ಚೂರುಗಳನ್ನು ಎರಡು ಉಕ್ಕಿನ ಫಲಕಗಳ ನಡುವೆ ಕೂರಿಸಿ, ಮನುಷ್ಯನ ಕಿವಿಗೆ ನಿಲುಕದ ದನಿಯನ್ನು ನೀರಿಗೆ ಕಳುಹಿಸುವ ಮತ್ತು ಮರಳಿ ಕೇಳುವ ಯಂತ್ರವನ್ನು ಮಾಡಿದನು. ಇಂದಿನ ಟ್ರಾನ್ಸ್‌ಡ್ಯೂಸರಿನ ಮೂಲಪುರುಷ ಇದೇ. ನುಡಿಯುವ ಬಾಯೂ ಆಲಿಸುವ ಕಿವಿಯೂ ಅದರಲ್ಲಿ ಒಂದೇ.

ದೊಡ್ಡ ಹಡಗಿನ ಈ ಸಿರಿಯು ಸಣ್ಣ ದೋಣಿಗೆ ಇಳಿದುದು ಎರಡನೆಯ ಮಹಾಯುದ್ಧ ಮುಗಿದ ಮೇಲೆ. ಜಪಾನಿನ ನಾಗಾಸಾಕಿ ಸೀಮೆಯಲ್ಲಿ ದೋಣಿಗಳಿಗೆ ವಿದ್ಯುದ್ದೀಪಗಳನ್ನು ಹಾಕಿಕೊಡುತ್ತಿದ್ದ ಫುರುನೊ ಸೋದರರಿಗೆ, ಗುಳ್ಳೆಯೇಳುವಲ್ಲಿ ಮೀನಿರುತ್ತದೆ ಎಂಬ ಬೆಸ್ತನೊಬ್ಬನ ಮಾತು ಮನಸ್ಸಿನಲ್ಲಿ ನಿಂತಿತು. 1948ರಲ್ಲಿ ಅವರು ಬಳಕೆಗೆ ಬರುವಂಥ ಮೀನುಶೋಧಕವನ್ನು ಸಿದ್ಧಪಡಿಸಿದರು. ಅನೇಕ ಮೀನುಗಳ ಒಡಲಲ್ಲಿ ಒಂದು ಗಾಳಿಚೀಲವಿರುತ್ತದೆ. ದನಿಯನ್ನು ಬಲವಾಗಿ ಹಿಂದಿರುಗಿಸುವುದು ಮಾಂಸಕ್ಕಿಂತ ಹೆಚ್ಚಾಗಿ ಆ ಗಾಳಿಯೇ. ನೀರಿನ ಬಣ್ಣವನ್ನು ನೋಡಿ ಬಂಗುಡೆಯ ಹಿಂಡನ್ನು ಗುರುತಿಸಿ ರಂಪಣಿ ಬಲೆ ಬಿಡುತ್ತಿದ್ದ ನಮ್ಮ ಕರಾವಳಿಯ ಮೊಗವೀರರ ಮಕ್ಕಳೂ ಇಂದು ಮಂಗಳೂರು ಮಲ್ಪೆಗಳ ದೋಣಿಗಳಲ್ಲಿ ಈ ಯಂತ್ರದ ಪರದೆಯನ್ನು ನೋಡುತ್ತಾರೆ.

ಮೀನನ್ನು ತೋರಿಸಿಕೊಡುವ ಅದೇ ಗಾಳಿಯು ಟ್ರಾನ್ಸ್‌ಡ್ಯೂಸರಿನ ಮುಖದೆದುರು ಬಂದಾಗ ಮಾತ್ರ ಅದರ ಪರಮಶತ್ರು. ಆರಿಸುವ ಮತ್ತು ಕೂರಿಸುವ ನಿಯಮಗಳ ಸಾರವೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ. ಆಳವಾದ ನೀರಿಗೆ 50 ಕಿಲೋಹರ್ಟ್ಸಿನ ಮಂದ್ರಸ್ವರವೂ, ಆಳವಿಲ್ಲದಲ್ಲಿ ಸೂಕ್ಷ್ಮವನ್ನು ಕಾಣಲು 200ರ ತಾರಸ್ವರವೂ ಒಪ್ಪುವುವು ಎಂಬುದು ನಿಜ; ಆದರೆ ಸ್ಥಳವು ತಪ್ಪಿದರೆ ಎರಡೂ ವ್ಯರ್ಥ. ದೋಣಿಯ ಹಿಂಬದಿಯ ಹಲಗೆಗೆ ಕೂರಿಸುವುದಾದರೆ ಪ್ರೊಪೆಲರು ಕಡೆಯುವ ನೊರೆಯಿಂದ ದೂರದಲ್ಲಿ, ನೀರು ಕದಡದೆ ಹರಿಯುವೆಡೆಯಲ್ಲಿ ಕೂರಿಸತಕ್ಕದ್ದು. ಮರದ ತಳವನ್ನು ಕೊರೆದು ಕೂರಿಸುವುದಾದರೆ ಕಂಚಿನ ಕವಚವೇ ಮೇಲು. ಮರವು ನೀರುಂಡು ಉಬ್ಬುವಾಗ ಪ್ಲಾಸ್ಟಿಕ್ಕಿನ ಕವಚವು ಬಿರಿಯಬಹುದು. ಫೈಬರಿನ ದೋಣಿಯಾದರೆ ತಳವನ್ನು ಕೊರೆಯದೆ ಒಳಗಿನಿಂದಲೇ ಅಂಟಿಸಬಹುದು. ಆದರೆ ಆ ಜಾಗವು ನಡುವೆ ನೊರೆಹಲಗೆಯಾಗಲಿ ಹಗುರಮರವಾಗಲಿ ಇಲ್ಲದ, ಗಟ್ಟಿ ಫೈಬರೇ ಆಗಿರಬೇಕು, ಏಕೆಂದರೆ ಆ ಪದರಗಳೊಳಗೂ ಗಾಳಿಯೇ ತುಂಬಿರುತ್ತದೆ.

ಹೀಗೆ ಒಳಗಿನಿಂದ ಅಂಟಿಸುವ ಅನುಭವಸ್ಥನು ಮೊದಲು ನೀರು ತುಂಬಿದ ಚೀಲದಲ್ಲಿ ಟ್ರಾನ್ಸ್‌ಡ್ಯೂಸರನ್ನಿಟ್ಟು, ತೇಲುತ್ತಿರುವ ದೋಣಿಯ ತಳಕ್ಕೆ ಅಲ್ಲಲ್ಲಿ ಒತ್ತಿ, ಪರದೆಯ ಮೇಲೆ ಆಳವು ಸ್ಥಿರವಾಗಿ ಮೂಡುವ ಜಾಗವನ್ನು ಹುಡುಕುತ್ತಾನೆ. ಬಳಿಕ ಆ ಜಾಗವನ್ನು ಉಜ್ಜಿ ನಯಮಾಡಿ, ಎಪಾಕ್ಸಿ ಅಂಟನ್ನು ಹೊಯ್ದು, ಟ್ರಾನ್ಸ್‌ಡ್ಯೂಸರನ್ನು ಮೆಲ್ಲಗೆ ತಿರುಗಿಸುತ್ತ ಒತ್ತಿ, ಕಡೆಯ ಗುಳ್ಳೆಯೂ ಅಂಚಿನಿಂದ ಹೊರಬೀಳುವವರೆಗೆ ಕೈಯೆತ್ತುವುದಿಲ್ಲ. ಹಿಂದಿನ ನಾವಿಕನು ಸೀಸದ ಕುಳಿಗೆ ಹೆಬ್ಬೆರಳಿನಿಂದ ಕೊಬ್ಬನ್ನು ಒತ್ತಿ ತುಂಬುತ್ತಿದ್ದುದು ತಳವು ತನಗೆ ಅಂಟಿಕೊಳ್ಳಲೆಂದು. ಈತನು ಅಂಟನ್ನು ತುಂಬುವುದು ತಳದ ದನಿಯು ತನ್ನನ್ನು ಮುಟ್ಟಲೆಂದು. ಮಾರು ಹೋಗಿ ಮಾರ್ದನಿ ಬಂದರೂ, ಕಾಣದ ನೆಲಕ್ಕೂ ನಮಗೂ ನಡುವೆ ತೆರಪುಳಿಯದಂತೆ ನೋಡಿಕೊಳ್ಳುವ ಹೊಣೆಯು ಈಗಲೂ ಬೆರಳುಗಳದ್ದೇ.